ಕೊನೆಯ ಗೂಟ ನಮ್ಮ ಮಾವನಿಗೇ ಏಕೆ ಬರುತ್ತದೆ?

ಬಂದೂಕು ಪರವಾನಗಿ ಕಚೇರಿಯ ಮುಖ್ಯಾಧಿಕಾರಿಗಳೇ,

ರಾತ್ರಿ ಎರಡೂಕಾಲಿಗೆ, ಕೆಳಗೆ ಅಡುಗೆಮನೆಯಲ್ಲಿ ನಡುವೆ ಬಗ್ಗಿಸಿ ತೆರೆಯುವ ಕೋವಿ ಟಕ್ಕೆಂದು ಮುಚ್ಚಿಕೊಂಡ ಸದ್ದಿಗೆ ಎಚ್ಚರವಾಯಿತು. ಬೇಟೆಯ ಮನೆಗೆ ಸೊಸೆಯಾಗಿ ಬಂದವಳಿಗೆ ಅದು ಬಾಗಿಲಿನ ಸದ್ದಿರಬಹುದೆಂಬ ಸಮಾಧಾನವೂ ಇರುವುದಿಲ್ಲ. ಕಳೆದ ವರ್ಷ ನೀವು ಪರವಾನಗಿ ನವೀಕರಿಸಿಕೊಟ್ಟ ನನ್ನ ಮಾವ ಎಡ್ವಿನ್ ಪ್ರೈಸ್, ಬೇಟೆಯ ಕೋಟು ತೊಟ್ಟು ಕೂತಿದ್ದರು. ಮೇಜಿನ ಮೇಲಿದ್ದ ಕೋವಿಯ ನಳಿಗೆ ನನ್ನ ಮಗಳು ಕೂತು ಉಣ್ಣುವ ಕುರ್ಚಿಯ ಕಡೆಗಿತ್ತು.

"ಎದ್ದ್ಯಾ ಮಗಳೇ? ಟೀ ಇಡು. ನಿನ್ ಗಂಡ ಇನ್ನೂ ಬಿದ್ಕೊಂಡಿದಾನಾ, ಸೋಂಬೇರಿ?"

"ಮಾವ, ಇನ್ನೂ ನಡುರಾತ್ರಿ. ಮೊದ್ಲು ಅದನ್ನ ಬಗ್ಗಿಸಿ, ತೆರೆದಿಡಿ."

"ಯಾವುದನ್ನ?" ಎಂದರು.

ಕೋವಿ ಖಾಲಿಯಿತ್ತು. ಕೊನೆಗೆ ಅವರೇ ಎದ್ದು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಆದರೆ ಇದೇ ಮನುಷ್ಯ ಮಣ್ಣಿನ ಬಿಲ್ಲೆಗಳಿಗೆ ಗುರಿಯಿಡುವ ನಮ್ಮೂರ ಮೈದಾನದಲ್ಲಿ, ಮುಚ್ಚಿದ ಕೋವಿ ಹಿಡಿದು ನಡೆದರೆಂದು ಪಾದ್ರಿಗಳನ್ನೇ ಮನೆಗೆ ಅಟ್ಟಿದ್ದವರು.

ಮಾನ್ಯರೇ, ಮಾವನ ಮರೆವು ಊರಿಗೆ ಗೊತ್ತಿಲ್ಲವೆಂದುಕೊಂಡಿರಾ? ಫೆಸೆಂಟ್ ಹಕ್ಕಿಗಳ ಬೇಟೆಯ ದಿನ, ಸಾಲಾಗಿ ನೆಟ್ಟ ಗೂಟಗಳಲ್ಲಿ ಯಾರು ಯಾವುದರ ಬಳಿ ನಿಲ್ಲಬೇಕೆಂದು ಕಡ್ಡಿ ಎತ್ತಿಸುತ್ತಾರಲ್ಲ, ಆಗ ಬೇಟೆಯ ಯಜಮಾನರು ಒಂದು ಕಡ್ಡಿಯನ್ನು ಬೆರಳಲ್ಲಿ ಅದುಮಿಟ್ಟುಕೊಂಡು ಮಾವನಿಗೇ ಕೊಡುತ್ತಾರೆ. "ಮತ್ತೆ ಕೊನೇ ಗೂಟ! ನಿನ್ ಅದೃಷ್ಟವೇ ಅದೃಷ್ಟ ಕಣಯ್ಯಾ ಎಡ್ವಿನ್!" ಎಲ್ಲರೂ ನಗುತ್ತಾರೆ. ಕೊನೆಯಲ್ಲಿ ನಿಂತರೆ ಒಂದೇ ಪಕ್ಕದವನಿಗೆ ಅಪಾಯ, ನೋಡಿ. ಎಂಥ ಸಭ್ಯತೆ! ಆದರೆ ಪ್ರತಿ ಸುತ್ತಿಗೂ ಎಲ್ಲರೂ ಎರಡೆರಡು ಗೂಟ ಸರಿಯಬೇಕೆಂಬ ನಿಯಮವೂ ಇದೆಯಲ್ಲ? ಮಾವ ಸಾಲಿನ ನಡುವೆ ಬರುವ ಹೊತ್ತಿಗೆ ಅಕ್ಕಪಕ್ಕದವರಿಗೆಲ್ಲ ಒಟ್ಟಿಗೇ ಬೂಟಿನ ಲೇಸು ಸಡಿಲವಾಗುತ್ತದೆ, ಕಟ್ಟಲು ಬಗ್ಗುತ್ತಾರೆ.

ಎದುರಿನ ಕಾಡಿನಿಂದ ಬಾವುಟ ಬೀಸುತ್ತ ಹಕ್ಕಿ ಎಬ್ಬಿಸಿಕೊಂಡು ಬರುವವನು ಎಲ್ಲಿ ಬಗ್ಗಬೇಕು? ಅವನು ನನ್ನ ಗಂಡ ಮೆರಿಕ್. ಹಿಂದಿನ ಬೇಟೆಯ ಸಂಜೆ ಅವನ ಕೆನ್ನೆಯಿಂದ ನಾನು ಚಿಮಟದಲ್ಲಿ ಒಂದು ಗುಂಡುಕಾಳು ಕಿತ್ತೆ.

"ಮುಳ್ಳು ಕಣೇ."

"ಸೀಸದ ಮುಳ್ಳಾ?"

"ಅಪ್ಪನ ಕೈಯಿಂದ ಕೋವಿ ಕಿತ್ಕೊಂಡ್ರೆ ಅವ್ರು ಉಳಿಯಲ್ಲ, ಬೆತನ್. ಸುಮ್ನಿರು."

ಸುಮ್ಮನಿರಲಿಲ್ಲ. ನಿಮಗೆ ಬರೆದೆ, "ನಿಮ್ಮ ಕಳವಳವನ್ನು ಪರಿಗಣಿಸಲಾಗುವುದು" ಎಂದಿರಿ. ಈಗಷ್ಟೇ ಪೊಲೀಸರಿಗೆ ಕರೆ ಮಾಡಿದೆ. ಈ ಕ್ಷಣ ಯಾರಿಗಾದರೂ ಅಪಾಯವಿದೆಯೇ ಎಂದು ಕೇಳಿದರು. ಇಲ್ಲ, ಬೆಳಿಗ್ಗೆ ಒಂಬತ್ತಕ್ಕೆ ಬೇಟೆ ಶುರುವಾದಾಗ ಇದೆ ಎಂದೆ. ಹಾಗಾದರೆ ಸೋಮವಾರ ಕಚೇರಿಗೆ ಕರೆ ಮಾಡಿ ಎಂದರು. ಬೆಳಗಾದರೆ ಶನಿವಾರ. ಬೀರುವಿನ ಬೀಗದ ಕೈಯನ್ನು ನಾನೇ ಬಚ್ಚಿಡಲೇ? ಪರವಾನಗಿಯಿಲ್ಲದವಳಿಗೆ ಅದು ಎಲ್ಲಿದೆಯೆಂದು ತಿಳಿದಿರುವುದೇ ತಪ್ಪು. ನಿಮ್ಮ ಕಾನೂನು ಅಷ್ಟು ಬಿಗಿ.

ಅದಕ್ಕೇ ಇದನ್ನು ಊರಿನವರೆಲ್ಲ ಓದುವ ಪುಟದಲ್ಲಿ ಹಾಕುತ್ತಿದ್ದೇನೆ. ನಾಳೆಯಿಂದ ನನ್ನನ್ನು ಯಾರೂ ಮಾತಾಡಿಸದಿರಬಹುದು. ಆಗಲಿ. ನಾನು ಹೇಳಿದ್ದನ್ನು ಮಾವ ಮರೆಯುತ್ತಾರೆ. ಆದರೆ ನಿಮ್ಮ ಕಚೇರಿಯ ಕರೆ ಬಂದರೆ ಇಂದಿಗೂ ಎದ್ದು ನಿಂತು ಮಾತಾಡುತ್ತಾರೆ. ನೀವು ಬೇಡವೆಂದರೆ ಕೋವಿ ಮುಟ್ಟುವುದಿಲ್ಲ. ನಮ್ಮ ನಂಬರು ಅವರ ಹೆಸರಿನ ಕಡತದಲ್ಲೇ ಇದೆ. ಮೇಲೆ ಮೆರಿಕ್ ನಿದ್ದೆಯಲ್ಲಿದ್ದಾನೆ, ಅವನ ಬಾವುಟ ಬಾಗಿಲಿಗೆ ಒರಗಿದೆ. ನಾನು ಫೋನಿನ ಪಕ್ಕದಲ್ಲೇ ಕೂತಿದ್ದೇನೆ. ದಮ್ಮಯ್ಯ, ಬೆಳಗಾಗುವುದರೊಳಗೆ ಒಂದು ಕರೆ ಮಾಡಿ.

ಇಂತಿ,
ಬೀಗದ ಕೈ ಎಲ್ಲಿದೆಯೆಂದು ತಿಳಿದಿರಬಾರದ ಸೊಸೆ,
ಬೆತನ್ ಪ್ರೈಸ್