ನೀನಿನ್ನೂ ನೋಡದ ನಕ್ಷತ್ರ

ಸಪ್ತಾಪುರ, ಧಾರವಾಡ
ಅಕ್ಟೋಬರ್ ೧೯೬೩

ಏಕನಾಥಣ್ಣಾ,

ಅಂತೂ ಮೋಡ ಸರಿದವು. ನೀನು ತೀರಿಕೊಂಡ ಮೇಲೆ ಮೊದಲ ಸಲ, ಇವತ್ತು ದೀಪ ಹಚ್ಚುತ್ತಲೇ ನಿನ್ನ ದುರ್ಬೀನನ್ನು ಮಾಳಿಗೆಗೆ ಒಯ್ದೆ. ನಮ್ಮ ಕೆಂಪು ನಕ್ಷತ್ರ ಸಿಕ್ಕಿತು. ಅದು ಉಬ್ಬುತ್ತ ಕುಗ್ಗುತ್ತ ಇರುವುದರಿಂದ ಬೆಳಕೂ ಏರಿಳಿಯುತ್ತದೆಂದು ನೀನೇ ಕಲಿಸಿದ್ದೆ. ಮೊದಲೇ ಮಸುಕು, ನೇರ ನೋಡಿದರೆ ಮಾಯ, ಕಣ್ಣು ತುಸು ಪಕ್ಕಕ್ಕೆ ಸರಿಸಿದರೆ ಇದೆ.

ನೆರೆಯ ಎರಡು ನಕ್ಷತ್ರಗಳಿಗೆ ಹೋಲಿಸಿ ಬೆಳಕನ್ನು ಅಂದಾಜು ಮಾಡಿದೆ. ಮಾಡಿ, ಬಾಯಿ ಮುಚ್ಚಿಕೊಂಡು ಬದಿಗೆ ಸರಿದು ನಿಂತೆ. ಒಬ್ಬರ ಮಾತು ಇನ್ನೊಬ್ಬರ ಕಣ್ಣು ಕೆಡಿಸುತ್ತದೆ, ಇಬ್ಬರೂ ನೋಡುವ ತನಕ ಯಾರೂ ತಮ್ಮ ಅಂದಾಜು ಹೇಳಕೂಡದು. ಎಂಥ ಹಟಮಾರಿ ನಿಯಮ ನಿನ್ನದು!

ಅವ್ವ ಮೇಲೆ ಬಂದಳು. "ಯಾಕವಾ ಮಂದಾ, ಸುಮ್ಮನ ನಿಂತೀಯಲ್ಲ? ಯಾರ ದಾರಿ ಕಾಯ್ಲಿಕ್ಕತ್ತೀ?"

"ಯಾರದೂ ಇಲ್ಲವ್ವಾ. ನೀ ನೋಡ್ತೀಯೇನು?"

ಅವಳು ಬಗ್ಗಿದಳು. ಆದರೆ ನೋಡಲಿಲ್ಲ. ದುರ್ಬೀನಿಗೆ ನೀನು ಸುತ್ತಿದ್ದ ಬಟ್ಟೆಯ ತುಂಡನ್ನು ಮುಟ್ಟಿ, "ಇದು ಅವನ ಧೋತರ ಅಲ್ಲೇನು?" ಎಂದು ಕೆಳಗಿಳಿದು ಹೋದಳು.

ಮಳೆಗಾಲದಲ್ಲಿ, ಹುಬ್ಬಳ್ಳಿಯ ಆಸ್ಪತ್ರೆಯ ವರಾಂಡದಲ್ಲಿ, ಡಾಕ್ಟರು ನನಗೊಂದು ಮಾತು ಹೇಳಿದ್ದರು. ನಾನು ಒಳಗೆ ಬಂದಾಗ ನೀನು ನನ್ನ ಮುಖವನ್ನೇ ನೋಡಿದೆ. ನಾನು ಹೇಳಲಿಲ್ಲ, ನೀನೂ ಕೇಳಲಿಲ್ಲ. ಮೋಸಂಬಿ ಸುಲಿದು ಕೊಟ್ಟೆ.

ಇವತ್ತು ನಕ್ಷತ್ರ ಎಷ್ಟು ಬೆಳಗುತ್ತಿತ್ತೆಂದು ತಿಳಿಸಲೆಂದೇ ಬರೆಯಲು ಕೂತೆ. ಆದರೆ ಹೇಗೆ ತಿಳಿಸಲಿ, ಅಣ್ಣಾ? ನೀನಿನ್ನೂ ನೋಡಿಲ್ಲ.

ಮಂದಾ