ಪರವಾಗಿಲ್ಲ ಮಾಮ

ಗುರುವಾರ, ಸಂಜೆ
ಅತಿಥಿಗೃಹದ ಮಹಡಿ ಕೋಣೆಯಿಂದ

ಮೇಷ್ಟ್ರಿಗೆ,

ನೀನು ಶಾಲೆ ಬಿಟ್ಟು, ಪಾಠದ ಸಾಫ್ಟ್‌ವೇರ್ ಮಾಡುವ ಕಂಪನಿ ಸೇರಿ ಎಷ್ಟೋ ವರ್ಷವಾಯಿತು. ಆದರೂ ಕಾಗದದಲ್ಲಿ ನಿನ್ನನ್ನು ಬೇರೆ ಏನೆಂದು ಕರೆಯಬೇಕೋ ತಿಳಿಯಲಿಲ್ಲ. 'ಪ್ರೀತಿಯ' ಎಂದು ಶುರು ಮಾಡೋಣವೆಂದರೆ, ವರ್ಷದಿಂದ ಬೇರೆ ಬೇರೆ ಊರಿನಲ್ಲಿರುವ ಗಂಡ ಹೆಂಡತಿಗೆ ಅದು ಸ್ವಲ್ಪ ಅತಿಯಾಯಿತು. 'ಮಾನ್ಯರೇ' ಎಂದರೆ ವಕೀಲರ ನೋಟಿಸು ಎಂದುಕೊಂಡು ನೀನು ಒಡೆಯದೆ ಮೇಜಿನ ಮೇಲೆ ಇಟ್ಟುಬಿಡುತ್ತೀಯ. ಹಾಗಾಗಿ ಹಳೆಯ ಹೆಸರೇ ಇರಲಿ.

ಫೋನ್ ಮಾಡಬಹುದಿತ್ತು. ಮಾಡಿದರೆ ಮೂರನೆಯ ಮಾತಿಗೆ ನೀನು "ಸರಿ, ನೋಡೋಣ" ಅನ್ನುತ್ತೀಯ, ನಾಲ್ಕನೆಯದಕ್ಕೆ ನಾನು ಫೋನ್ ಇಟ್ಟುಬಿಡುತ್ತೇನೆ. ಮೇಲ್ ಕಳಿಸಿದರೆ ಅದು ಕಚೇರಿಯ ಖಾತೆಯಲ್ಲಿ ಉಳಿಯುತ್ತದೆ, ನಾಳೆ ಯಾರು ಬೇಕಾದರೂ ತೆಗೆದು ಓದಬಹುದು. ನಮ್ಮ ಪ್ರಾಜೆಕ್ಟಿನ ಡ್ರೈವರ್ ನಾಳೆ ಬೆಳಿಗ್ಗೆ ನಿನ್ನ ಊರಿಗೆ ಹೊರಡುತ್ತಿದ್ದಾನೆ. ಲಕೋಟೆಯನ್ನು ನಿನ್ನ ಕೈಗೇ ಕೊಡಬೇಕೆಂದು ಹೇಳಿದ್ದೇನೆ. ಅವನನ್ನು ಒಳಗೆ ಕರೆದು ಕೂರಿಸು, ಬಾಗಿಲಲ್ಲೇ ಸಾಗಹಾಕಬೇಡ.

ಇನ್ನು ವಿಷಯ. ಹೊರದೇಶದ ಸಂಸ್ಥೆಯೊಂದರ ಹಣದಲ್ಲಿ ಇಲ್ಲಿನ ಶಾಲೆಗಳಿಗೆ ಟ್ಯಾಬ್ಲೆಟ್ ಹಂಚಿದ್ದು, ಅದರೊಳಗಿನ ಗಣಿತ ನಿಮ್ಮ ಕಂಪನಿಯದು, ಬರೆದವನು ನೀನು. ಇದೆಲ್ಲ ನನಗೆ ಗೊತ್ತೇ ಇತ್ತು. ಅದರಿಂದ ಮಕ್ಕಳಿಗೆ ಏನು ಉಪಯೋಗವಾಯಿತು ಎಂದು ನೋಡಿ ವರದಿ ಕೊಡುವ ಸಲಹೆಗಾರ್ತಿಯಾಗಿ ನನ್ನನ್ನು ಕಳಿಸಿದಾಗ, ಪಾಠ ಬರೆದವನು ನನ್ನ ಗಂಡ ಎಂದು ನಮ್ಮ ಮುಖ್ಯಸ್ಥೆಗೆ ಹೇಳಿಯೂ ಇದ್ದೆ. ಅವರು, "ಒಟ್ಟಿಗಿಲ್ಲ ಅಲ್ವಾ? ಹಂಗಾದ್ರೆ ತೊಂದ್ರೆ ಇಲ್ಲ, ವರದೀಲಿ ಒಂದು ಸಾಲು ಬರೆದುಬಿಡಿ," ಎಂದರು. ಗಂಡನನ್ನು ಬಿಟ್ಟಿರುವುದು ಈ ಕೆಲಸಕ್ಕೆ ಒಂದು ಅರ್ಹತೆ ಎಂದು ನನಗೆ ಆಗಲೇ ಗೊತ್ತಾದದ್ದು.

ಗೊತ್ತಿಲ್ಲದೆ ಇದ್ದದ್ದು, ಅದರೊಳಗಿನ ದನಿಯೂ ನಿನ್ನದೇ ಎಂಬುದು. ಬೇರೆಯವರ ದನಿಗೆ ದುಡ್ಡು ಉಳಿದಿರಲಿಲ್ಲವೋ, ನಿನಗೇ ಚಪಲವೋ, ನೀನೇ ಹೇಳಬೇಕು. ಮೊದಲ ಟ್ಯಾಬ್ಲೆಟ್ ತೆರೆದು ಸುಮ್ಮನೆ ಏನೋ ಒತ್ತಿದೆ. "ಅಯ್ಯೋ, ಪರವಾಗಿಲ್ಲ ಬಿಡು. ಇನ್ನೊಂದ್ಸಲ ನೋಡೋಣ್ವಾ?" ಎಂದೆ ನೀನು. ನಾನು 'ದನಿ ಸ್ಪಷ್ಟವಾಗಿದೆ' ಎಂದು ಟಿಪ್ಪಣಿ ಬರೆದುಕೊಂಡು ಮುಂದೆ ಹೋದೆ. ಮನಸ್ಸಿನಲ್ಲಿ ಮಾತ್ರ, ಮನೆಗೆ ಮಾರಿ ಊರಿಗೆ ಉಪಕಾರಿ, ಅಂದುಕೊಂಡೆ. ಬೇರೇನೂ ಅನಿಸಲಿಲ್ಲ.

ಈಗ ಹೇಳುತ್ತಿರುವುದು ಬಸ್ಸಿನ ಕೊನೆಯ ನಿಲ್ದಾಣದ ಹತ್ತಿರದ ಶಾಲೆಯ ಮಾತು. ಟೈರ್ ರಿಪೇರಿ ಅಂಗಡಿಗೂ ಅದಕ್ಕೂ ಒಂದೇ ಗೋಡೆ. ಗಾಳಿ ತುಂಬುವ ಯಂತ್ರ ಶುರುವಾದರೆ ಪಾಠ ನಿಲ್ಲುತ್ತದೆ, ಅದು ನಿಂತರೆ ಪಾಠ ಶುರುವಾಗುತ್ತದೆ. ನಿಮ್ಮ ಕಂಪನಿಯ ಪರದೆಯಲ್ಲಿ ಶಾಲೆಗಳಿಗೆಲ್ಲ ಬಣ್ಣ ಹಚ್ಚಿದ್ದೀರಲ್ಲ, ಅದರಲ್ಲಿ ಈ ಶಾಲೆ ಕಡುಕೆಂಪು. ಮೂರನೇ ತರಗತಿಯ ಮಕ್ಕಳಿಗೆ ಎಂಟಕ್ಕೆ ಎರಡು ಕೂಡಿಸಲು ಬರುವುದಿಲ್ಲ ಎನ್ನುತ್ತದೆ ನಿಮ್ಮ ಲೆಕ್ಕ. ವರ್ಷದ ಆರಂಭದಲ್ಲಿ ಬರುತ್ತಿತ್ತಂತೆ, ಬರಬರುತ್ತಾ ಮರೆತಿದ್ದಾರಂತೆ.

ಆ ತರಗತಿಯ ಟೀಚರಮ್ಮ ಗುತ್ತಿಗೆಯ ಮೇಲಿದ್ದಾಳೆ. ಕೆಂಪು ಶಾಲೆಗಳ ಗುತ್ತಿಗೆ ಈ ತಿಂಗಳಿಗೆ ಮುಗಿಸುವುದೆಂದು ಹಣ ಕೊಟ್ಟವರೂ ಇಲಾಖೆಯವರೂ ಸೇರಿ ತೀರ್ಮಾನಿಸಿದ್ದಾರೆ. ನನ್ನ ವರದಿ ಸೋಮವಾರ ಅವರ ಕೈಸೇರಬೇಕು. ಅದರಲ್ಲಿ 'ಹೌದು, ಕೆಂಪೇ' ಎಂದು ಬಿದ್ದರೆ ಅವಳ ಕೆಲಸ ಹೋಯಿತು. ಅದು ಅವಳಿಗೂ ಗೊತ್ತು. ಹೋದ ವಾರ ನಾನು ಮೊದಲು ಹೋದ ದಿನ ಅವಳು ನನಗೆ ಕುರ್ಚಿ ಒರೆಸಿ ಕೊಟ್ಟು, ತಾನು ಗೋಡೆಗೆ ಒರಗಿ ನಿಂತು, "ಏನು ಕೇಳ್ಬೇಕೋ ಕೇಳಿಬಿಡಿ ಮೇಡಂ, ನಂಗೆ ಪಾಠ ಮಾಡೋದೇ ಮರೆತುಹೋಗಿದೆ ಅನ್ಸುತ್ತೆ," ಎಂದಳು. ಮನೆಯಲ್ಲಿ ಗಂಡನಿಗೂ ಹೇಳಿಲ್ಲವಂತೆ. ನಾನು ಅವಳ ತರಗತಿಯಲ್ಲಿ ಎರಡು ದಿನ ಕೂತೆ. ಪಾಠ ಚೆನ್ನಾಗಿಯೇ ಮಾಡುತ್ತಾಳೆ. ಆದರೆ ಸ್ವರ ಏರಿದೆ, ಮಾತು ಮಾತಿಗೂ ಗದರುತ್ತಾಳೆ. ಕೆಂಪು ಬಣ್ಣ ಕಂಡಾಗಿನಿಂದ ಹೀಗೆ ಎಂದು ಅವಳೇ ಒಪ್ಪಿಕೊಂಡಳು.

ಮೂರನೆಯ ದಿನ ನಾನು ಮುಂದಿನ ಕುರ್ಚಿ ಬಿಟ್ಟು ಹಿಂದಿನ ಬೆಂಚಿಗೆ ಹೋಗಿ, ಟ್ಯಾಬ್ಲೆಟ್ ಹಿಡಿದ ಮಕ್ಕಳ ನಡುವೆ ತೂರಿಕೊಂಡು ಕೂತೆ. ನನ್ನ ಪಕ್ಕದಲ್ಲಿ ಕೂದಲು ಮೋಟು ಮಾಡಿಸಿಕೊಂಡ ಹುಡುಗಿಯೊಬ್ಬಳಿದ್ದಳು, ಮಾತಿನ ಮಲ್ಲಿ. ಪರದೆಯ ಮೇಲೆ ಒಂಬತ್ತಕ್ಕೆ ನಾಲ್ಕು ಕೂಡಿಸು ಎಂದು ಬಂತು. ಅವಳು ತುಟಿಯಲ್ಲೇ "ಹದಿಮೂರು" ಎಂದುಕೊಂಡು, ಬೆರಳನ್ನು ಹದಿಮೂರರ ಮೇಲಿಂದ ದಾಟಿಸಿ ಏಳನ್ನು ಒತ್ತಿದಳು. ನೀನು "ಪರವಾಗಿಲ್ಲ ಬಿಡು" ಎಂದೆ. ಅವಳು ಮತ್ತೆ ಏಳನ್ನೇ ಒತ್ತಿದಳು. "ಹೋಗ್ಲಿ ಬಿಡು ಮರಿ, ನಂಗೂ ಮೊದ್ಲು ಬರ್ತಿರ್ಲಿಲ್ಲ. ನಿಧಾನಕ್ಕೆ ಮಾಡು," ಎಂದೆ ನೀನು. ಈಗ ಅಕ್ಕಪಕ್ಕದ ಬೆಂಚಿನವರೂ ಕತ್ತು ಚಾಚಿದರು. ಮೂರನೆಯ ಸಲವೂ ಏಳು. ಆಗ ನೀನು, "ಬಾ ಇಲ್ಲಿ, ಇಬ್ರೂ ಸೇರಿ ಎಣಿಸೋಣ," ಎಂದು ಒಂದರಿಂದ ಎಣಿಸಿ, ಕೊನೆಗೆ ಸಣ್ಣಗೆ ನಕ್ಕೆಯಲ್ಲ, ಇಡೀ ಸಾಲು ನಿನ್ನ ಜೊತೆ ಎಣಿಸಿತು, ನಿನ್ನ ಜೊತೆಗೇ ನಕ್ಕಿತು.

ಯಾಕೆ ಮರಿ, ಗೊತ್ತಿದ್ದೂ ತಪ್ಪು ಒತ್ತಿದೆ ಎಂದು ಕೇಳಿದೆ. ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದಳು. "ಸರಿ ಒತ್ತಿದ್ರೆ ಬರೀ ಟಣ್ ಅಂತ ಗಂಟೆ ಹೊಡೀತಾರೆ ಮಿಸ್. ತಪ್ಪು ಒತ್ತಿದ್ರೆ ಮಾತ್ರ ಪರವಾಗಿಲ್ಲ ಮಾಮ ಮಾತಾಡ್ತಾರೆ," ಎಂದಳು.

ನಿನಗೆ ಹೆಸರು ಬಿದ್ದಿದೆ ನೋಡು. ಪರವಾಗಿಲ್ಲ ಮಾಮ.

ಆಮೇಲಿನದು ನನ್ನ ಕಸುಬು, ಉದ್ದ ಮಾಡುವುದಿಲ್ಲ. ಟ್ಯಾಬ್ಲೆಟ್ ಎತ್ತಿಡಿಸಿ ಇಡೀ ತರಗತಿಯನ್ನು ಬಾಯಿಮಾತಿನಲ್ಲಿ ಕೇಳಿದೆ. ನಾಲಿಗೆ ತುದಿಯಲ್ಲಿದ್ದವು ಉತ್ತರಗಳು, ನಾನು ಕೇಳಿ ಮುಗಿಸುವ ಮೊದಲೇ ಬಂದವು. ಸಂಜೆ ಬೇರೆ ಶಾಲೆಗಳಿಗೆಲ್ಲ ಫೋನ್ ಮಾಡಿ ವಿಚಾರಿಸಿದೆ. ಗಲಾಟೆಯಾಗುತ್ತದೆಂದು ಬಹಳ ಕಡೆ ದನಿ ಮುಚ್ಚಿಟ್ಟಿದ್ದಾರೆ, ಅವೆಲ್ಲ ಹಸಿರು. ಇಲ್ಲಿ ಟೈರ್ ಅಂಗಡಿಯ ಸದ್ದು ಮೀರಿಸಬೇಕೆಂದು ದನಿ ಪೂರ್ತಿ ಏರಿಸಿದ್ದಾರೆ. ನಿನ್ನ ಮಾತು ಕೇಳಿಸುವ ಶಾಲೆಗಳೇ ಕೆಂಪಾಗಿವೆ. ಅಂಕಿ ಇಳಿದದ್ದಕ್ಕೆ ಟೀಚರಮ್ಮ ಗದರಿದಳು, ಗದರಿದಷ್ಟೂ ಮಕ್ಕಳು ಮಾಮನ ಹತ್ತಿರ ಓಡಿದರು, ಓಡಿದಷ್ಟೂ ಅಂಕಿ ಇಳಿಯಿತು. ಅವಳಿಗೆ ಇದನ್ನು ಹೇಳಿದಾಗ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ, "ಆ ಮಾಮ ನನ್ನ ಕೈಗೆ ಸಿಗ್ಲಿ," ಎಂದಳು. ಸಿಗುವಂತೆ ಮಾಡುತ್ತೇನೆ ಎಂದು ನಾನು ಹೇಳಲಿಲ್ಲ, ನನ್ನ ಉಪಕಾರ ನೆನೆ.

ಈಗ ಕೇಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ವರದಿಯನ್ನು ನಾನು ಬರೆಯುವುದಿಲ್ಲ. ತಪ್ಪು ಪಾಠದ ವಿನ್ಯಾಸದ್ದು, ಮಕ್ಕಳದೂ ಅಲ್ಲ ಟೀಚರಮ್ಮನದೂ ಅಲ್ಲ ಎಂದು ಮೊದಲ ಪುಟದಲ್ಲೇ ಬರೆಯುತ್ತೇನೆ. ಹಾಗೆ ಬರೆದರೆ ಈ ಯೋಜನೆಯ ಎರಡನೆಯ ಹಂತ ನಿಮ್ಮ ಕಂಪನಿಯ ಕೈತಪ್ಪಬಹುದು, ಅದರ ಹಿಂದೆಯೇ ನಿನ್ನ ಕೆಲಸವೂ ಹೋಗಬಹುದು. ಈ ಪಾಠಗಳಿಗೆ ನೀನು ಎಷ್ಟು ಒದ್ದಾಡಿದ್ದೀಯ ಎಂದು ಹತ್ತಿರದಿಂದ ನೋಡಿದವಳು ನಾನು. ಊಟದ ತಟ್ಟೆಯ ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ತಿನ್ನುತ್ತಿದ್ದದ್ದು ಅನ್ನವನ್ನೋ ಅಕ್ಷರಗಳನ್ನೋ ನನಗೆ ತಿಳಿಯುತ್ತಿರಲಿಲ್ಲ. ನನಗೆ ಇದು ಬಿಸಿತುಪ್ಪವಾಗಿದೆ, ನುಂಗಲೂ ಆಗದು, ಉಗುಳಲೂ ಆಗದು. ಆದರೆ ಉಗುಳುತ್ತೇನೆ.

ಅದಕ್ಕೆ ಮೊದಲು ನಿನಗೆ ಎರಡು ದಿನ ಕೊಡುತ್ತಿದ್ದೇನೆ. ಇದು ನಿಯಮಕ್ಕೆ ಹೊರತು, ನನಗೆ ಗೊತ್ತು. ಮೌಲ್ಯಮಾಪನ ಮಾಡುವವರು ಮಾಡಿಸಿಕೊಳ್ಳುವವರಿಗೆ ಮೊದಲೇ ಹೇಳಬಾರದು. ಹೇಳುತ್ತಿದ್ದೇನೆ. ಭಾನುವಾರದೊಳಗೆ ನೀನೇ ಹಣ ಕೊಟ್ಟವರಿಗೆ ಬರೆ, ತಪ್ಪು ಹೀಗಾಗಿದೆ, ಸರಿಪಡಿಸುವುದು ಹೀಗೆ ಎಂದು. ನಮ್ಮ ಕಸುಬಿನ ಭಾಷೆ ನಿನಗೆ ಗೊತ್ತಲ್ಲ. ನೀನಾಗಿ ಹೇಳಿದರೆ ಅದು 'ಕಲಿಕೆ', ನಾನು ಹೇಳಿದರೆ 'ಲೋಪ'. ಎರಡೂ ಒಂದೇ ಮಾತು, ಸಂಬಳ ಮಾತ್ರ ಬೇರೆ. ನೀನು ಬರೆಯದೆ ಹೋದರೂ ಸೋಮವಾರ ನನ್ನದು ಹೋಗುತ್ತದೆ.

ಸರಿಪಡಿಸುವುದು ಕಷ್ಟವಿಲ್ಲ. ಆ ದನಿಯನ್ನೇ ತೆಗೆದು ಯಂತ್ರದ ದನಿ ಹಾಕಿಬಿಡೋಣ ಎಂದು ಯಾರಾದರೊಬ್ಬ ಜಾಣ ಹೇಳಿಯೇ ಹೇಳುತ್ತಾನೆ. ಒಪ್ಪಬೇಡ. ಮಕ್ಕಳು ತಪ್ಪಿಗಾಗಿ ಆಸೆಪಡುತ್ತಿಲ್ಲ, ಮಾತಿಗಾಗಿ ಆಸೆಪಡುತ್ತಿದ್ದಾರೆ. ಸರಿ ಉತ್ತರಕ್ಕೂ ನಾಲ್ಕು ಮಾತು ಸೇರಿಸು. ಟಣ್ ಎಂದು ಗಂಟೆ ಹೊಡೆದು ಮುಂದಿನ ಲೆಕ್ಕಕ್ಕೆ ಓಡಬೇಡ. 'ಹೇಗೆ ಮಾಡ್ದೆ ಹೇಳು ನೋಡೋಣ' ಎನ್ನು, 'ನಂಗಿಂತ ಬೇಗ ಮಾಡ್ದೆ' ಎನ್ನು, ನಿನಗೇನು ಮಾತಿಗೆ ಬರವೇ. ನಗುವನ್ನೂ ಅಲ್ಲಿಗೇ ಹಾಕು.

ಇಷ್ಟು ಬರೆದ ಮೇಲೆ ಇನ್ನೊಂದನ್ನೂ ಹೇಳಿಬಿಡುತ್ತೇನೆ, ಇದು ವರದಿಗೆ ಸೇರಿದ್ದಲ್ಲ. ಮನೆಗೆ ಮಾರಿ ಎಂದು ಅಂದುಕೊಂಡೆನಲ್ಲ, ಅದು ಅನ್ಯಾಯದ ಮಾತು. ನನಗೆ ಜ್ವರ ಬಂದು ಮಲಗಿದ್ದ ವಾರ ನೀನು ಇದೇ ದನಿಯಲ್ಲಿ ಮಾತಾಡುತ್ತಿದ್ದೆ. ಮಂಚದ ಪಕ್ಕ ಕೂತು ಪರವಾಗಿಲ್ಲ ಬಿಡು, ನಿಧಾನಕ್ಕೆ ಏಳು ಎನ್ನುತ್ತಿದ್ದೆ. ಗೀಸರ್ ಕೆಟ್ಟಾಗ, ನನ್ನ ಹಿಂದಿನ ಕೆಲಸ ಹೋದಾಗ, ಬಸ್ಸಿನಲ್ಲಿ ಪರ್ಸ್ ಕಳೆದುಕೊಂಡು ಬಂದಾಗ, ಪ್ರತಿ ಸಲವೂ ಅಷ್ಟೇ. ಜ್ವರ ಬಿಟ್ಟ ದಿನ ಬೆಳಿಗ್ಗೆ ಎದ್ದು ಬಂದರೆ ನೀನು ಪೇಪರ್ ಹಿಡಿದು ಕೂತಿದ್ದೆ, ತಲೆ ಎತ್ತಲಿಲ್ಲ. ಎಲ್ಲ ಸರಿಯಿದ್ದ ದಿನಗಳಲ್ಲಿ ನಮ್ಮ ಮನೆಯಲ್ಲಿ ಗಂಟೆಯೂ ಹೊಡೆಯುತ್ತಿರಲಿಲ್ಲ ಮೇಷ್ಟ್ರೇ. ಅಂಥ ದಿನಗಳೇ ಜಾಸ್ತಿ ಇದ್ದವು, ನಾನು ಬಿಟ್ಟುಬಂದದ್ದು ಅದಕ್ಕೇ. ಆಗ ಇದನ್ನು ಹೇಳಲು ನನಗೆ ಬಂದಿರಲಿಲ್ಲ. ಒಂಬತ್ತು ವರ್ಷದ ಹುಡುಗಿ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು, ನನಗೆ ಸಿಟ್ಟೂ ಬಂತು, ಹೊಟ್ಟೆಕಿಚ್ಚೂ ಆಯಿತು.

ಬಾಡಿಗೆ ಮನೆ ಖಾಲಿ ಮಾಡಲೇ ಎಂದು ಹೋದ ತಿಂಗಳು ನೀನು ಕೇಳಿದ್ದೆ. ನಾನಿಲ್ಲದ ಮನೆಗೆ ಇಬ್ಬರ ಬಾಡಿಗೆ ಯಾಕೆ ಎಂಬ ನಿನ್ನ ವಾದ ಸರಿಯಾಗಿದೆ. ನನ್ನ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುವುದಾದರೆ ತುಂಬು, ಅವಸರ ಮಾತ್ರ ಮಾಡಬೇಡ. ಈಗ ಇದರ ಉತ್ತರ ಬರೆದರೆ ವರದಿಯ ಕೋಪವೋ ಕರುಣೆಯೋ ಅದರಲ್ಲಿ ಸೇರಿಕೊಳ್ಳುತ್ತದೆ.

ಟೀಚರಮ್ಮನ ಮುಖ ನೆನಪಿಟ್ಟುಕೊಂಡು ಬರೆ, ನಿನ್ನ ಮ್ಯಾನೇಜರ್ ಮುಖ ಅಲ್ಲ. ಅವಳನ್ನು ನೀನು ನೋಡಿಲ್ಲ ಎನ್ನುತ್ತೀಯ. ಶಾಲೆ ಬಿಡುವ ಕೊನೆಯ ವರ್ಷ ನೀನು ಕನ್ನಡಿಯಲ್ಲಿ ನೋಡಿಕೊಂಡ ಮುಖ ಅಂಥದೇ, ಸಾಕು.

ಇಂತಿ,
ನೀನೇ ಇಟ್ಟ ಹೆಸರಿನವಳು,
ಇನ್‌ಸ್ಪೆಕ್ಟರಮ್ಮ

ತಾ.ಕ.: ಇದನ್ನು ಓದಿದ ಕೂಡಲೇ ನೀನು ನನ್ನ ಮಾತು ನಂಬದೆ ಆ ಶಾಲೆಯ ದಾಖಲೆ ತೆಗೆದು ನೋಡುತ್ತೀಯ, ಗೊತ್ತು. ಹೋದ ಭಾನುವಾರ ಅಲ್ಲಿನ ಒಂದು ಟ್ಯಾಬ್ಲೆಟ್‌ನಲ್ಲಿ ಮಧ್ಯಾಹ್ನ ಪೂರ್ತಿ ಒಂದನೇ ತರಗತಿಯ ಕೂಡುವ ಲೆಕ್ಕ ನಡೆದಿದೆ, ಒಂದು ಉತ್ತರವೂ ಸರಿಯಿಲ್ಲ. ಟೀಚರಮ್ಮನನ್ನಾಗಲಿ ಮಕ್ಕಳನ್ನಾಗಲಿ ಅನುಮಾನಿಸಬೇಡ. ಅಂದು ಶಾಲೆಗೆ ಬೀಗ ಹಾಕಿತ್ತು, ಆ ಟ್ಯಾಬ್ಲೆಟ್ ಪರಿಶೀಲನೆಗೆಂದು ನನ್ನ ಕೋಣೆಯಲ್ಲಿತ್ತು. ವರದಿಯ ಅಂಕಿಅಂಶದಿಂದ ಆ ದಿನವನ್ನು ತೆಗೆದುಹಾಕಿದ್ದೇನೆ. ಐದಕ್ಕೆ ಮೂರು ಸೇರಿದರೆ ಎಂಟು ಎಂದು ನನಗೆ ಗೊತ್ತು.