ಪುಸ್ತಕದಲ್ಲಿಲ್ಲದ ಮಾತು

ಮಾರ್ಚ್ 3, ಬೆಳಿಗ್ಗೆ

ರಿಹರ್ಸಲ್ ರೂಮಿನ ಫ್ಯಾನ್ ಇನ್ನೂ ರಿಪೇರಿಯಾಗಿಲ್ಲ. ಪೆನ್ಸಿಲ್ ಎರಡು ಕೆತ್ತಿಟ್ಟೆ. ಪ್ರಾಂಪ್ಟರ್‌ಗೆ ಇನ್ನೇನು ಬೇಕು — ನಾಟಕದ ಪುಸ್ತಕ, ಒಂದು ಸ್ಟೂಲು, ರಂಗದ ಪಕ್ಕದ ಸೈಡ್‌ವಿಂಗಿನ ಕತ್ತಲೆ. ಇಪ್ಪತ್ತಾರು ವರ್ಷದಿಂದ ಇದೇ. ನಟರು ಮರೆತ ಮಾತನ್ನು ಪಿಸುಗುಟ್ಟಿ ಎತ್ತಿಕೊಡುವುದು.

ಕ್ಯಾಂಟೀನಿನಲ್ಲಿ ಇವತ್ತೂ ಜಗಳ. ಈ ಸಲ ಹಳೇ ‘ಚಿಲಕ’ ನಾಟಕವನ್ನೇ ಮತ್ತೆ ಆಡಿ ಅಂತ ಒಂದು ಗುಂಪು. ಹೊಸದು ಮಾಡಿ ಅಂತ ಇನ್ನೊಂದು. ಹಳೇ ಗುಂಪಿನ ಮುಖಂಡರು ರಿಟೈರ್ಡ್ ಮೇಷ್ಟ್ರು. ‘ಚಿಲಕ’ವನ್ನು ಮೂವತ್ತೆಂಟು ಸಲ ನೋಡಿದ್ದಾರೆ. ಅದಕ್ಕೇ ಅವರ ಹೆಸರೇ ‘ಮೂವತ್ತೆಂಟು’ ಆಗಿಹೋಗಿದೆ. ಹೊಸ ಗುಂಪಿಗೆ ಬೇಕಾಗಿರುವುದು ‘ಚಿಲಕ’ ಬರೆದು ತೀರಿಹೋದ ನಾಟಕಕಾರರ ಮಗಳು ಬರೆದ ಹೊಸ ನಾಟಕ. ಅಪ್ಪನದಾ ಮಗಳದಾ ಅಂತ ಟೀ ಆರಿಹೋಗುವ ತನಕ ಕಿತ್ತಾಡಿದರು. ನಾನು ಅಪ್ಪನ ಕಡೆ. ಬಾಯಿ ಬಿಡಲಿಲ್ಲ, ಅಷ್ಟೆ.

ಮಾರ್ಚ್ 5

ಹಳೇ ಗುಂಪು ಗೆದ್ದಿತು. ‘ಚಿಲಕ’ವೇ. ಕುಣಿದಾಡಬೇಕಿತ್ತು ನಾನು. ಆದರೆ ಪೋಸ್ಟರಿನಲ್ಲಿ ಒಂದು ಪದ ಜಾಸ್ತಿ ಇದೆ — ‘ಮೂಲರೂಪದಲ್ಲಿ’.

ಡೈರೆಕ್ಟರಿಗೆ ಕೈಬರಹದ ಪ್ರತಿ ಸಿಕ್ಕಿದೆಯಂತೆ. ಕೊಟ್ಟಿದ್ದು ಯಾರು? ಆ ಮಗಳೇ! ತನ್ನ ನಾಟಕಕ್ಕೆ ಎದುರಾಳಿಯಾಗಿ ನಿಂತ ನಾಟಕಕ್ಕೆ ಯಾರಾದರೂ ಹೀಗೆ ಕೈಯಾರೆ ಸಹಾಯ ಮಾಡುತ್ತಾರಾ? ಏನೋ ಇದೆ.

ಮಾರ್ಚ್ 6

ಬರೆದುಬಿಡುತ್ತೇನೆ. ಇವರು ಈ ಡೈರಿ ಓದುತ್ತಾರೆ ಅಂತ ಅನುಮಾನ ಇದ್ದೇ ಇದೆ. ಓದಿದರೆ ಓದಲಿ, ಗಂಡ ತಾನೇ.

ಹತ್ತೊಂಬತ್ತು ವರ್ಷದ ಹಿಂದೆ, ‘ಚಿಲಕ’ದ ಮೊದಲ ಶೋ. ಹನ್ನೆರಡು ವರ್ಷದ ಮೇಲೆ ಮನೆಗೆ ಬಂದ ಮಗ ಬಾಗಿಲಲ್ಲಿ ನಿಂತಿದ್ದಾನೆ. ತಂದೆ ಹನ್ನೊಂದು ಸಾಲು ಮಾತಾಡಬೇಕು. ತಂದೆ ಪಾತ್ರ ಮಾಡಿದವರು ಗುಡುಗು — ಆ ಗಂಟಲಿಗೆ ಜನ ಇಟ್ಟ ಹೆಸರು. ಗುಡುಗು ಬಾಯಿ ತೆರೆದರು, ಮಾತೇ ಇಲ್ಲ. ಮೊದಲ ಸಾಲು ಎತ್ತಿಕೊಟ್ಟೆ. ಮತ್ತೆ ಕೊಟ್ಟೆ. ಮೂರನೇ ಸಲವೂ ಕೊಟ್ಟೆ. ಕಣ್ಣು ಕಣ್ಣು ಬಿಡುತ್ತಾ ನಿಂತಿದ್ದರು. ಅಷ್ಟುದ್ದದ ಸಾಲು ಆ ತಲೆಯೊಳಗೆ ಹೋಗುತ್ತಿಲ್ಲ ಅಂತ ಗೊತ್ತಾಯಿತು. ಬಾಯಿಗೆ ಬಂದದ್ದನ್ನು ಪಿಸುಗುಟ್ಟಿದೆ —

“ಕೈ ತೊಳ್ಕೊ. ಊಟಕ್ಕೆ ಕೂರೋಣ.”

ಅವರು ಅದನ್ನೇ ಅಂದರು. ಹಾಲ್ ತುಂಬ ಅಳು, ಚಪ್ಪಾಳೆ. ಅವತ್ತಿನಿಂದ ಆ ಹನ್ನೊಂದು ಸಾಲನ್ನು ಯಾರೂ ಆಡಲೇ ಇಲ್ಲ. ಈಗ ಆ ಮಾತು ಟೀ-ಶರ್ಟಿನ ಮೇಲಿದೆ, ಜನರ ಸ್ಟೇಟಸ್‌ನಲ್ಲಿದೆ. ನಾಟಕಕಾರರೇ ಆಮೇಲೆ ತಿದ್ದಿದ್ದು ಅಂತ ಎಲ್ಲರ ನಂಬಿಕೆ. ನಿಜ ಏನೆಂದರೆ, ಅವತ್ತು ಮಧ್ಯಾಹ್ನದಿಂದ ನಾನು ಏನೂ ತಿಂದಿರಲಿಲ್ಲ. ಹೊಟ್ಟೆ ತಾಳ ಹಾಕುತ್ತಿತ್ತು.

ನಾನು ಈ ಜನ್ಮದಲ್ಲಿ ಮಾಡಿದ್ದು ಅದೊಂದೇ. ಮೂಲ ಪ್ರತಿಯಲ್ಲಿ ಅದಿಲ್ಲ. ಈಗ ತೆಗೆದು ಬಿಸಾಡುತ್ತಾರೆ.

ಮಾರ್ಚ್ 9

ಡೈರೆಕ್ಟರು ನನ್ನ ಪುಸ್ತಕ ಕೇಳಿದರು. “ಎರಡು ದಿನಕ್ಕೆ ಅಷ್ಟೇ ಅಕ್ಕಾ.” ಇಪ್ಪತ್ತಾರು ವರ್ಷದಲ್ಲಿ ಯಾರೂ ಕೇಳಿದ್ದಿಲ್ಲ. ಆ ಪುಟದಲ್ಲಿ ಹನ್ನೊಂದು ಸಾಲಿಗೂ ಗೀಟು ಬಿದ್ದಿದೆ, ಪಕ್ಕದಲ್ಲಿ ನನ್ನ ಅಕ್ಷರದಲ್ಲಿ ಆ ಮಾತು.

ಎರಡು ದಿನ ಅಂದವರು ಸಂಜೆಯೇ ವಾಪಸ್ ತಂದರು. ಈ ಬರಹ ಯಾರದು ಅಂದರು. ನನ್ನದೇ, ಆದ ಬದಲಾವಣೆಯೆಲ್ಲ ಬರೆದುಕೊಳ್ಳುವವಳು ನಾನೇ ಅಲ್ಲವಾ ಅಂದೆ. ಸುಳ್ಳಲ್ಲ. ಅವರು ನಕ್ಕ ರೀತಿ ಸರಿ ಇರಲಿಲ್ಲ.

ಮಾರ್ಚ್ 14

ಪೇಪರಿನಲ್ಲಿ ಗುಡುಗು ಅವರ ಸಂದರ್ಶನ. ಆ ಮಾತು ಹೇಗೆ ಹುಟ್ಟಿತು ಅಂತ ಕೇಳಿದ್ದಕ್ಕೆ “ನನ್ನೊಳಗಿನ ತಂದೆ ಆಡಿಸಿದ” ಅಂದಿದ್ದಾರೆ. ಒಳಗಿನ ತಂದೆಯಂತೆ! ಹೊರಗೆ ಸ್ಟೂಲಿನ ಮೇಲೆ ಕೂತಿದ್ದವಳು ಯಾರು ಹಾಗಾದರೆ? ಪೇಪರನ್ನು ಮಡಚಿ ಕಪಾಟಿನ ತಳಕ್ಕೆ ಹಾಸಿದೆ.

ರಿಹರ್ಸಲಿನಲ್ಲಿ ಗುಡುಗು ನನ್ನನ್ನು ಪಕ್ಕಕ್ಕೆ ಕರೆದರು. ಯಾರಿಗಾದರೂ ಹೇಳಿದೆಯಾ ಅಂತ ಮೆಲ್ಲಗೆ ಕೇಳಿದರು. ನೀವು ಹೇಳಿದಿರಾ ಅಂದೆ. ಇಷ್ಟು ವರ್ಷದಲ್ಲಿ ಈ ವಿಷಯ ಮಾತಾಡಿದ್ದು ಇದೇ ಮೊದಲು.

ನಾಟಕಕಾರರ ಮಗಳೂ ಬಂದಿದ್ದಳು. ಹಿಂದಿನ ಸೀಟು, ಕಪ್ಪು ಚೀಲ. ಹನ್ನೊಂದು ಸಾಲು ಬಂದಾಗ ಮಾತ್ರ ಮುಂದಕ್ಕೆ ಬಾಗಿದಳು. ಲೆಕ್ಕಾಚಾರ ಗೊತ್ತಾಯಿತು ಬಿಡು. ಆ ಮಾತಿಲ್ಲದ ‘ಚಿಲಕ’ ನೋಡಿ ಜನ ಉಗಿಯಬೇಕು. ಹಳೇದರ ಕಥೆ ಮುಗಿಯಬೇಕು. ಆಮೇಲೆ ಇವಳದು.

ಮಾರ್ಚ್ 27, ಮಧ್ಯಾಹ್ನ

ಇವತ್ತು ಶೋ. ಹದಿಮೂರು ದಿನ ಬರೆದಿಲ್ಲ. ಬರೆದರೆ ಬರೀ ಬೈಗುಳ ಆಗುತ್ತಿತ್ತು.

ಹೌಸ್‌ಫುಲ್. ‘ಮೂವತ್ತೆಂಟು’ ಹೊಸ ಶರ್ಟ್ ಹಾಕಿಕೊಂಡು ಬೆಳಿಗ್ಗೆಯೇ ಗೇಟಿನ ಹತ್ತಿರ. ಇವತ್ತಿನಿಂದ ಮೂವತ್ತೊಂಬತ್ತು ಅಂತ ಎಲ್ಲರಿಗೂ ಹೇಳುತ್ತಿದ್ದಾರೆ. ಪಾಪ, ಆ ಮಾತು ಇರುವುದಿಲ್ಲ ಅಂತ ಗೊತ್ತಿಲ್ಲ.

ಪುಸ್ತಕದಲ್ಲಿ ಇದ್ದದ್ದನ್ನೇ ಎತ್ತಿಕೊಡು ಅಂತ ಡೈರೆಕ್ಟರ ಆರ್ಡರ್. ಕೊಡುತ್ತೇನೆ. ನನ್ನ ಕೆಲಸದತ್ತ ಯಾರೂ ಬೆರಳು ತೋರಿಸಬಾರದು.

ಮಾರ್ಚ್ 28, ಬೆಳಿಗ್ಗೆ

ಆ ಕೊನೇ ದೃಶ್ಯ ಬಂತು. ಮಗ ಬಾಗಿಲಲ್ಲಿ. ಗುಡುಗು ಒಂದು ಸಾಲು ಆಡಿದರು, ಎರಡು, ಮೂರು. ಹಾಲಿನಲ್ಲಿ ಗುಸುಗುಸು. ನಾಲ್ಕನೆಯದಕ್ಕೆ ತಡವರಿಸಿ ವಿಂಗಿನ ಕಡೆ ನೋಡಿದರು. ಪುಸ್ತಕದಲ್ಲಿದ್ದದ್ದನ್ನೇ ಎತ್ತಿಕೊಟ್ಟೆ. ಆಣೆ ಮಾಡಿ ಹೇಳುತ್ತೇನೆ, ಅದನ್ನೇ.

ಅವರು ಬಾಯಿ ತೆರೆಯುವ ಮೊದಲೇ ಯಾರೋ ಪ್ರೇಕ್ಷಕರ ನಡುವಿನಿಂದ “ಕೈ ತೊಳ್ಕೊ” ಅಂದರು. ‘ಮೂವತ್ತೆಂಟು’ ಅವರದೇ ಗಂಟಲು. “ಊಟಕ್ಕೆ ಕೂರೋಣ” ಅಂತ ಇಡೀ ಹಾಲ್. ಮತ್ತೆ ಮತ್ತೆ. ಶಿಳ್ಳೆ, ಚಪ್ಪಾಳೆ. ಗುಡುಗು ನಕ್ಕು ಕೈ ಮುಗಿದರು. ಪರದೆ ಬಿತ್ತು.

ನನಗೆ ಖುಷಿಯಾಯಿತು. ಇಲ್ಲ ಅಂದರೆ ಸುಳ್ಳು. ಕಣ್ಣಲ್ಲಿ ನೀರು ಬಂತು.

ಜನ ಹೋದ ಮೇಲೆ ನಾಟಕಕಾರರ ಮಗಳು ವಿಂಗಿಗೆ ಬಂದಳು. ನಿಮಗೆ ಬೇಕಾಗಿದ್ದೇ ಒಂದು, ಆಗಿದ್ದೇ ಇನ್ನೊಂದು ಅಲ್ಲವಾ ಅಂತ ಚುಚ್ಚಿದೆ. ನಿಮ್ಮ ಹೊಸ ನಾಟಕಕ್ಕೆ ದಾರಿ ಮಾಡಿಕೊಳ್ಳಲು ಅಪ್ಪನ ನಾಟಕ ಕೆಡಿಸೋಕೆ ಹೊರಟಿದ್ದಿರಿ ಅಂದೆ. ಕೋಪ ಮಾಡಿಕೊಳ್ಳಲಿಲ್ಲ. ನನ್ನ ಸ್ಟೂಲಿನ ಮೇಲೆ ಕೂತಳು.

“ನನ್ನ ನಾಟಕ ಯಾವಾಗಾದ್ರೂ ಆಗ್ಲಿ ಆಂಟಿ. ಅಪ್ಪನ ಹನ್ನೊಂದು ಸಾಲು ಒಂದೇ ಒಂದ್ಸಲ ಜನ ಕೇಳ್ಲಿ ಅಂತ ಕೊಟ್ಟೆ.”

ಆ ಮಾತು ಯಾರದು ಅಂತ ಗೊತ್ತಾ ಅಂದೆ.

“ನಿಮ್ಮದು. ಅಪ್ಪ ಮೊದಲನೇ ಸಾಲಲ್ಲಿ ಕೂತಿದ್ರು, ನೀವು ಪಿಸುಗುಟ್ಟಿದ್ದು ಅವರಿಗೆ ಕೇಳಿಸ್ತು. ಅವತ್ತು ಮನೆಗೆ ಬಂದು ಕೈ ತೊಳ್ಕೊಂಡ್ರು. ಊಟಕ್ಕೆ ಕೂರ್ಲಿಲ್ಲ.”

ಆಮೇಲೆ ಅವರು ಒಂದು ನಾಟಕವನ್ನೂ ಬರೆಯಲಿಲ್ಲ. ‘ಚಿಲಕ’ದ ಮೇಲೆ ಅಷ್ಟು ಪ್ರೀತಿ, ಅದಕ್ಕೇ ಬೇರೆ ಬರೆಯಲಿಲ್ಲ ಅಂತ ಜನ ಹೇಳುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಮನೆಗೆ ಬಂದು ಆ ಪುಟ ತೆಗೆದೆ. ಹತ್ತೊಂಬತ್ತು ವರ್ಷದಿಂದ ಬರೀ ಬೈಗುಳ ಅಂದುಕೊಂಡಿದ್ದೆ ಆ ಸಾಲುಗಳನ್ನು. ರಿಹರ್ಸಲಿನಲ್ಲೂ ಮಾತು ತಪ್ಪಿತಾ ಅಂತ ನೋಡಿದೆನೇ ಹೊರತು ಅರ್ಥಕ್ಕೆ ಕಿವಿ ಕೊಡಲಿಲ್ಲ. ಹತ್ತು ಸಾಲು ಬೈಗುಳವೇ. ಹನ್ನೊಂದನೆಯದು — “ಚಿಲಕ ಹಾಕಿದವನು ನಾನೇ. ಹೇಗೆ ತೆಗೆಯೋದು ಅಂತ ಹನ್ನೆರಡು ವರ್ಷ ಗೊತ್ತಾಗ್ಲಿಲ್ಲ ಕಣೋ.”

ಇದನ್ನು ಪ್ರೇಕ್ಷಕರು ಯಾರೂ ಕೇಳಿಲ್ಲ. ನನ್ನಿಂದ.

ಮಾರ್ಚ್ 29, ಮಧ್ಯಾಹ್ನ

ಇವತ್ತು ಎರಡನೇ ಶೋ, ಕೊನೆಯದೂ ಹೌದು. ಜನ ಇವತ್ತು ಮೊದಲನೇ ಸಾಲಿಗೇ ಕಿರುಚುತ್ತಾರೆ. ‘ಮೂವತ್ತೆಂಟು’ ಒಂದು ತಂಡವನ್ನೇ ತಯಾರು ಮಾಡಿದ್ದಾರಂತೆ.

ಪರದೆ ಏಳುವ ಮೊದಲು ನಾನೇ ಮುಂದೆ ಹೋಗಿ ಹೇಳಬೇಕು. ಆ ಮಾತು ನಾಟಕಕಾರರದಲ್ಲ, ಗುಡುಗು ಅವರದೂ ಅಲ್ಲ, ಪ್ರಾಂಪ್ಟರದು, ದಯವಿಟ್ಟು ಇವತ್ತು ಸುಮ್ಮನಿದ್ದು ಅವರದ್ದನ್ನು ಕೇಳಿ ಅಂತ. ಬೇರೆ ಯಾರು ಹೇಳಿದರೂ ಜನ ನಂಬುವುದಿಲ್ಲ.

ಆದರೆ ಯಾತಕ್ಕೆ ಹೇಳುತ್ತಿದ್ದೇನೆ? ಅವರ ಸಾಲು ಕೇಳಿಸಲಿ ಅಂತಲಾ, ಆ ಮಾತು ನನ್ನದು ಅಂತ ಊರಿಗೆಲ್ಲ ಗೊತ್ತಾಗಲಿ ಅಂತಲಾ? ಎಲ್ಲರನ್ನೂ ಅನುಮಾನಿಸಿ ಆಯಿತು. ಈಗ ನನ್ನ ಸರದಿ. ಮನೆಯಲ್ಲಿ ಇವರನ್ನು ಕೇಳಿದೆ. ಪೇಪರಿನಿಂದ ತಲೆ ಎತ್ತದೆ, “ಎರಡೂ ಇರ್ಲಿ ಬಿಡೆ, ಹೋಗಿ ಹೇಳು” ಅಂದರು. ಡೈರಿ ಓದುತ್ತಾರೆ, ಖಂಡಿತ.

ಸಂಜೆ 6.20, ವಿಂಗ್

ಮೊದಲನೇ ಬೆಲ್ ಆಯಿತು. ಡೈರೆಕ್ಟರಿಗೆ ಹೇಳಿಲ್ಲ. ಗುಡುಗು ಅವರಿಗೆ ಹೇಳಿದೆ. ಮುಖ ಬಿಳಿಚಿಕೊಂಡಿತು. ಆಮೇಲೆ “ಹನ್ನೊಂದೂ ಆಡ್ತೀನಿ ಕಣಮ್ಮ, ನೀನು ಪುಸ್ತಕ ಹಿಡ್ಕೊಂಡಿರು” ಅಂದರು.

ಮೊದಲನೇ ಸಾಲಿನಲ್ಲಿ ಮಗಳು ಕೂತಿದ್ದಾಳೆ. ಇಲ್ಲಿಂದ ಕಾಣುತ್ತಾಳೆ.

ಎರಡನೇ ಬೆಲ್. ಹೇಳಬೇಕಾದದ್ದನ್ನು ಚೀಟಿಯಲ್ಲಿ ಬರೆದುಕೊಂಡಿದ್ದೆ, ಎಲ್ಲಿಟ್ಟೆನೋ. ಮರೆತರೆ ಎತ್ತಿಕೊಡುವವರು ಯಾರೂ ಇಲ್ಲ. ಇಷ್ಟೊಂದು ಜನರ ಮುಖ ಒಟ್ಟಿಗೆ ಯಾವತ್ತೂ ನೋಡಿದ್ದಿಲ್ಲ. ಪರದೆ ಒಂದು ಕೈಯಷ್ಟು ಸರಿಸಿದ್ದೇನೆ. ಯಾರೋ ನೋಡಿ “ಯಾರದು” ಅಂತ ಕೇಳ್ತಿದಾರೆ. ನಾನು —